ದಿಕ್ಕಿಲ್ಲದವರಿಗೆ ತಾಯಿಯಾದ ಪಂಡಿತಾ ರಮಾಬಾಯಿಯವರು

ಕೋಲಾರ ಸೀಮೆಯ ಸಭೆಗಳವರಿಗೆ ಬರಗಾಲವೆಂಬ ಮಾತು ಹೊಸದಲ್ಲ. ೧೮೭೬ನೆಯ ಇಸವಿಯಿಂದ ೧೮೭೮ರ ವರೆಗೆ ಮೈಸೂರು ಸಂಸ್ಥಾನವನ್ನು ಹಿಡಿದ ಮಹಾ ಕ್ಷಾಮವು ಎಷ್ಟು ಘೋರವಾಗಿತ್ತೆಂಬುದು ಜನಗಣತಿಯ ಲೆಕ್ಕದಿಂದಲೇ ತಿಳಿದುಬರುತ್ತದೆ. ೧೮೭೧ರಲ್ಲಿ ೫೦,೫೫,೪೧೨ ಆಗಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಆ ಕಾಲದಲ್ಲಿ ಕೋಲಾರದಲ್ಲಿದ್ದ ಮಿಸ್ ಆನ್ಸ್ಟೆಯವರು ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಕೂಡಿಸಿ ಅನಾಥಶಾಲೆಯನ್ನು ನಡಿಸಿದರು. ಅವರ ಕೆಲಸವು ೧೮೯೦ರಲ್ಲಿ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯವರ ವಶಕ್ಕೆ ಬಂದು, ಕೋಲಾರದ ಸುತ್ತಣ ಸಭೆಗಳ ಬೆಳವಣಿಗೆಗೆ ಆಧಾರವಾಯಿತು.

ಅದೇ ದಶಕದ ಬರಗಾಲವು ದಕ್ಷಿಣ ದೇಶದ ದಾರಿಗಳಲ್ಲಿ ಅಲೆಯುತ್ತಿದ್ದ ಒಂದು ಬ್ರಾಹ್ಮಣ ಕುಟುಂಬವನ್ನೂ ನುಂಗಿತು. ಆ ಕುಟುಂಬದಲ್ಲಿ ಉಳಿದ ಒಬ್ಬ ಹುಡುಗಿಯು ಮುಂದೆ ಸುಮಾರು ಎರಡು ಸಾವಿರ ದಿಕ್ಕಿಲ್ಲದ ಹೆಂಗಸರಿಗೂ ಮಕ್ಕಳಿಗೂ ತಾಯಿಯಾದಳು. ಆಕೆಯೇ ಪಂಡಿತಾ ರಮಾಬಾಯಿ. ಆಕೆಯ ಹೆಸರನ್ನು ಕೇಳದ ಕ್ರೈಸ್ತರು ವಿರಳ. ಆದರೆ ಆಕೆಯು ಹುಟ್ಟಿದ್ದು ನಮ್ಮ ಕನ್ನಡ ನಾಡಿನಲ್ಲಿಯೇ ಎಂಬುದನ್ನು ಬಲ್ಲವರು ಅಷ್ಟು ಮಂದಿ ಇರಲಾರರು. ಆದಕಾರಣ ಆಕೆಯ ಚರಿತ್ರೆಯನ್ನು ವಾಚಕರ ಮುಂದೆ ಇಡುವುದು ಯುಕ್ತವೆಂದು ನಾವು ಎಣಿಸಿದ್ದೇವೆ.

ಜನನವೂ ಬಾಲ್ಯವೂ

ರಮಾಬಾಯಿಯವರ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳ ಎಂಬ ಊರಿನವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಮೈಸೂರು ಅರಸರ ಆಸ್ಥಾನದಲ್ಲಿಯೂ ಮನ್ನಣೆಯನ್ನು ಪಡೆದವರು. ಹೆಣ್ಣುಮಕ್ಕಳು ಅಕ್ಷರವನ್ನು ಮುಟ್ಟಬಾರದೆಂದು ಜನರು ನಂಬಿದ್ದ ಆ ದಿನಗಳಲ್ಲಿ ಅವರು ತಮ್ಮ ಎಳೆಯ ಹೆಂಡತಿಯಾದ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಲಾರಂಭಿಸಿದರು. ಇದರಿಂದ ಊರಲ್ಲಿ ಗದ್ದಲವೆದ್ದಿತು. ಉಡುಪಿಯಲ್ಲಿ ಪಂಡಿತರ ಸಭೆ ಕೂಡಿ ಅವರನ್ನು ವಿಚಾರಿಸಿತು. ಶಾಸ್ತ್ರಿಗಳು ತಮ್ಮ ನಡತೆಯು ಧರ್ಮಕ್ಕೆ ವಿರುದ್ಧವಲ್ಲವೆಂದು ಗ್ರಂಥಗಳ ಆಧಾರದಿಂದಲೇ ತೋರಿಸಿ ಗೆದ್ದುಬಂದರು. ಆದರೂ ಜನರ ಕಿರುಕುಳಕ್ಕೆ ಬೇಸತ್ತು, ಪಶ್ಚಿಮ ಘಟ್ಟದ ದಟ್ಟಡವಿಯಲ್ಲಿ, ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲದಲ್ಲಿ ಮನೆಯನ್ನು ಕಟ್ಟಿಕೊಂಡರು. ಆ ಕಾಡಿನ ಮನೆಯಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ರಮಾಬಾಯಿಯವರು ಹುಟ್ಟಿದರು.

ಬಂದ ಯಾತ್ರಿಕರಿಗೂ ಶಿಷ್ಯರಿಗೂ ಅನ್ನವಿಕ್ಕಿ ಇಕ್ಕಿ ಶಾಸ್ತ್ರಿಗಳ ಆಸ್ತಿಯೆಲ್ಲಾ ಕರಗಿಹೋಯಿತು. ಮಗುವಿಗೆ ಆರು ತಿಂಗಳಾದಾಗ ಅವರು ಮನೆಬಿಟ್ಟು ತೀರ್ಥಯಾತ್ರೆಗೆ ಹೊರಟರು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ಆ ಮಗುವನ್ನು ಆಳು ತಲೆಯ ಮೇಲೆ ಹೊತ್ತು ಘಟ್ಟವನ್ನು ಇಳಿದನು. ಅಂದಿನಿಂದ ಆ ಕುಟುಂಬಕ್ಕೆ ನೆಲೆಯಾದ ಮನೆಯೇ ಇರಲಿಲ್ಲ. ದೇವಸ್ಥಾನಗಳ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಮರದ ನೆರಳಿನಲ್ಲಿ ಕೂತು ಪುರಾಣವನ್ನು ಓದುವರು. ಕೇಳಿದವರು ಕೊಟ್ಟದ್ದರಿಂದ ಹೊಟ್ಟೆ ಹೊರೆಯುವರು. ಮುಂದೆ ಮನೆಯಿಲ್ಲದವರಿಗಾಗಿ ಮನೆಯನ್ನು ಕಟ್ಟಿದ ಈ ತಾಯಿಯು ಬಾಲ್ಯದಲ್ಲಿ ತಾನೇ ಮನೆಯಿಲ್ಲದವಳಾಗಿದ್ದಳೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ತಾಯಿಯಾದ ಲಕ್ಷ್ಮೀಬಾಯಿಯವರೇ ಆಕೆಗೆ ಗುರುಗಳಾದರು. ಹಗಲೆಲ್ಲಾ ಕೆಲಸವಿದ್ದುದರಿಂದ ಬೆಳಗಿನ ಜಾವದಲ್ಲಿ ಮಗಳನ್ನು ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಪಾಠ ಹೇಳುವರು. ಹೀಗೆ ಕಲಿತು ರಮಾಬಾಯಿಯವರು ಭಾಗವತ ಪುರಾಣದ ೧೮,೦೦೦ ಶ್ಲೋಕಗಳನ್ನು ಕಂಠಪಾಠಮಾಡಿದ್ದರು.

ಬರಗಾಲದ ಬಾಯಲ್ಲಿ

೧೮೭೪ರಿಂದ ಮದ್ರಾಸು ಪ್ರಾಂತ್ಯದಲ್ಲಿ ಬೀಳಲಾರಂಭಿಸಿದ ಬರಗಾಲದಲ್ಲಿ ಪುರಾಣವನ್ನು ಕೇಳುವವರೂ ಕಾಳು ಕೊಡುವವರೂ ಇಲ್ಲದೆ ಹೋದರು. ಕುಟುಂಬದವರು ಕೈಯಲ್ಲಿದ್ದ ಹಣವನ್ನೂ ಒಡವೆಗಳನ್ನೂ ಪಾತ್ರೆಗಳನ್ನೂ ಒಂದೊಂದಾಗಿ ಕಳೆದುಕೊಂಡರು. ಕೂಲಿಗೆ ಹೋಗುವದಕ್ಕೆ ಕುಲದ ಹೆಮ್ಮೆಯೂ ವಿದ್ಯೆಯ ಹೆಮ್ಮೆಯೂ ಅಡ್ಡಬಂದವು. ಅಲ್ಲದೆ ಕೈಕೆಲಸವೊಂದನ್ನೂ ಅವರು ಕಲಿತಿರಲಿಲ್ಲ. ಕಾಡಿನಲ್ಲಿ ಎಲೆಗಳನ್ನು ತಿಂದು ಹಲವು ದಿನಗಳನ್ನು ನೂಕಿದರು. ವೃದ್ಧನಾಗಿ ಕಣ್ಣು ಕಾಣದವನಾದ ತಂದೆಯು ಮೊದಲು ತೀರಿಹೋದನು. ಕೆಲವೇ ವಾರಗಳಲ್ಲಿ ತಾಯಿಯು ರಾಯಚೂರಿನಲ್ಲಿ ಜ್ವರದಿಂದ ಮಲಗಿದಳು. ರಮಾಬಾಯಿಯು ನಾಚಿಕೆಯನ್ನು ನುಂಗಿಕೊಂಡು ಒಂದು ಮನೆಯ ಬಾಗಿಲಲ್ಲಿ ನಿಂತು ರೊಟ್ಟಿಯ ತುಂಡನ್ನು ಬೇಡಿ ತಂದಳು. ಅದನ್ನು ತಿನ್ನುವ ಶಕ್ತಿಯೂ ತಾಯಿಗೆ ಉಳಿದಿರಲಿಲ್ಲ. ಆಕೆಯು ಸತ್ತಾಗ ಶವವನ್ನು ಹೊರುವ ಬಂಧುಗಳಿರಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಹೆಗಲು ಕೊಟ್ಟರು, ಮಗನು ಮೂರನೆಯವನಾದನು, ನಾಲ್ಕನೆಯ ಕೊನೆಯನ್ನು ಹಿಡಿಯಲು ಮಗಳೇ ಬರಬೇಕಾಯಿತು. ಗಿಡ್ಡವಾಗಿದ್ದ ಆಕೆಯ ಹೆಗಲು ಚಟ್ಟಕ್ಕೆ ನಿಲುಕದೆ, ಅದನ್ನು ತಲೆಯ ಮೇಲೆ ಇಟ್ಟುಕೊಂಡು ಸುಮಾರು ಮೂರು ಮೈಲಿಗಳನ್ನು ನಡೆದಳು. ಅಕ್ಕನೂ ಹೆಚ್ಚು ದಿನ ಬದುಕಲಿಲ್ಲ.

ಉಳಿದ ಅಣ್ಣತಂಗಿಯರು ಉತ್ತರದ ಕಡೆಗೆ ನಡೆಯುತ್ತಾ ಹೋದರು. ಜೇಲಂ ನದಿಯ ದಡದಲ್ಲಿ ಚಳಿಯನ್ನು ತಾಳಲಾರದೆ, ಉಸುಬಿನಲ್ಲಿ ಗುಣಿಗಳನ್ನು ತೋಡಿ, ತಲೆಯ ಹೊರತು ಮೈಯನ್ನೆಲ್ಲಾ ಒಣ ಉಸುಬಿನಿಂದ ಮುಚ್ಚಿಕೊಂಡು ರಾತ್ರಿಗಳನ್ನು ಕಳೆದರು. ಮಾಡಿದ ವ್ರತಗಳೂ ಮುಳುಗಿದ ತೀರ್ಥಗಳೂ ತಮ್ಮವರನ್ನು ಉಳಿಸಲಿಲ್ಲವೆಂಬ ಸಂದೇಹವು ಈ ದಾರಿಯಲ್ಲಿಯೇ ಅವರ ಮನಸ್ಸಿನಲ್ಲಿ ಬೇರೂರಿತು.

ಕೀರ್ತಿಯೂ ವೈಧವ್ಯವೂ

೧೮೭೮ರಲ್ಲಿ ಅವರು ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರುಷದ ಹೆಣ್ಣುಮಗಳು ಸಂಸ್ಕೃತದಲ್ಲಿ ಸರಾಗವಾಗಿ ಮಾತಾಡುವದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾಗಿ ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು. ಆದರೆ ೧೮೮೦ರಲ್ಲಿ ಅಣ್ಣನಾದ ಶ್ರೀನಿವಾಸನೂ ತೀರಿಹೋದನು. ಅದೇ ವರುಷ ರಮಾಬಾಯಿಯವರು ಜಾತಿಯ ಕಟ್ಟನ್ನು ದಾಟಿ, ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ೧೮೮೧ರ ಏಪ್ರಿಲಿನಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ಮಗುವಿಗೆ ವರುಷ ತುಂಬುವ ಮುಂಚೆಯೇ, ೧೮೮೨ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಸತ್ತನು. ಇಪ್ಪತ್ತಮೂರು ವರುಷದ ರಮಾಬಾಯಿಯವರು ವಿಧವೆಯಾದರು.

ಆ ಕಾಲದಲ್ಲಿ ವಿಧವೆಯ ಪಾಡು ಏನಾಗಿತ್ತೆಂದು ನಾವು ವಿವರಿಸಬೇಕಾಗಿಲ್ಲ. ರಮಾಬಾಯಿಯವರು ಮೂಲೆಯಲ್ಲಿ ಕೂರಲಿಲ್ಲ. ಪುಣೆಗೆ ಬಂದು ಸ್ತ್ರೀಯರ ಏಳಿಗೆಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಸಾಹೇಬರ ವಿದ್ಯಾ ಕಮಿಷನ್ನಿನ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಹೆಂಗಸರಾದ ಉಪಾಧ್ಯಾಯರೂ ಹೆಂಗಸರಾದ ವೈದ್ಯರೂ ಬೇಕೆಂದು ಸಾಕ್ಷಿ ಹೇಳಿದರು.

ಕ್ರಿಸ್ತನ ಬಳಿಗೆ

ಗಂಡನ ಮನೆಯಲ್ಲಿ ಇದ್ದಾಗಲೇ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಪ್ರತಿಯೊಂದು ಆಕೆಯ ಕೈಗೆ ಸಿಕ್ಕಿತ್ತು. ೧೮೮೩ರಲ್ಲಿ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಮಗುವಿನೊಡನೆ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಶೆಯು ಕೈಗೂಡಲಿಲ್ಲ. ಆದರೆ ಅಲ್ಲಿ ಕಂಡ ಒಂದು ಸಂಗತಿಯು ಆಕೆಯ ಮನಸ್ಸನ್ನು ತಿರುಗಿಸಿತು. ವಾಂಟೇಜ್ ಊರಿನ ಸನ್ಯಾಸಿನಿಯರು ಫುಲ್ಹ್ಯಾಮಿನಲ್ಲಿ ದಾರಿ ತಪ್ಪಿದ ಹೆಂಗಸರಿಗಾಗಿ ಒಂದು ಆಶ್ರಯವನ್ನು ನಡಿಸುತ್ತಿದ್ದರು. ಲೋಕವು ಉಗುಳಿ ದೂರಮಾಡಿದ ಸ್ತ್ರೀಯರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುವದನ್ನು ರಮಾಬಾಯಿಯವರು ಕಂಡರು. ಇಂಥ ಪ್ರೀತಿಗೆ ಮೂಲವೇನೆಂದು ವಿಚಾರಿಸಿ, ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕರ್ತನ ಬಳಿಗೆ ಬಂದರು. ೧೮೮೩ನೆಯ ಇಸವಿ ಸೆಪ್ಟೆಂಬರ್ ೨೯ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು. ಆದರೂ ತಾನು ಒಂದು ಮತವನ್ನು ಕಂಡುಕೊಂಡೆನೇ ಹೊರತು ಕ್ರಿಸ್ತನನ್ನೇ ಕಂಡುಕೊಂಡಿರಲಿಲ್ಲವೆಂದು ಆಕೆಯು ಮುಂದೆ ಒಪ್ಪಿಕೊಂಡರು. ಪಾಪಕ್ಷಮೆಯ ಸಮಾಧಾನವು ಆಕೆಗೆ ದೊರೆತದ್ದು ಸುಮಾರು ಎಂಟು ವರುಷಗಳ ತರುವಾಯ. ಹೆಸರಿಗೆ ಕ್ರೈಸ್ತರಾಗಿ ಹೃದಯದಲ್ಲಿ ಬರಿದಾಗಿರುವವರು ಇದನ್ನು ಆಲೋಚಿಸತಕ್ಕದ್ದು.

ಶಾರದಾ ಸದನ

೧೮೮೬ರಲ್ಲಿ ರಮಾಬಾಯಿಯವರು ಅಮೇರಿಕಕ್ಕೆ ಹೋಗಿ, ಊರೂರು ತಿರುಗಿ ನಮ್ಮ ದೇಶದ ಬಾಲವಿಧವೆಯರ ಕಷ್ಟವನ್ನು ತಿಳಿಸಿದರು. ಅದೇ ವಿಷಯವಾಗಿ ೧೮೮೭ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ಅಲ್ಲಿಯ ಜನರು ಸಂಘವನ್ನು ಕಟ್ಟಿಕೊಂಡು ಹತ್ತು ವರುಷ ಸಹಾಯಮಾಡಲು ಒಪ್ಪಿದರು. ೧೮೮೯ನೆಯ ಇಸವಿ ಮಾರ್ಚ್ ೧೧ರಂದು ಬೊಂಬಾಯಿಯಲ್ಲಿ ಶಾರದಾ ಸದನವೆಂಬ ಶಾಲೆಯು ತೆರೆಯಲ್ಪಟ್ಟಿತು. ಮರುವರುಷ ಅದು ಪುಣೆಗೆ ಹೋಯಿತು. ಮತದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಕೂಡದೆಂಬುದು ಅಲ್ಲಿಯ ನಿಯಮವಾಗಿತ್ತು. ಹಿಂದೂ ಹುಡುಗಿಯರು ತಮ್ಮ ಆಚಾರದಂತೆ ಇರಬಹುದಾಗಿತ್ತು.

ಇಲ್ಲಿಯೇ ಕಠಿಣವಾದ ಪರೀಕ್ಷೆ ಬಂದಿತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ತೆರೆದಿಡುತ್ತಿದ್ದರು. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರುತ್ತಿದ್ದರು. ಇದು ತಿಳಿದಾಗ ಪುಣೆಯಲ್ಲಿ ದೊಡ್ಡ ಕೂಗೆದ್ದಿತು. ೧೮೯೩ರಲ್ಲಿ ಸಲಹಾ ಮಂಡಲಿಯಲ್ಲಿದ್ದ ರಾನಡೆ, ಭಂಡಾರ್ಕರ್ ಮೊದಲಾದ ಗಣ್ಯರು ಬಿಟ್ಟುಹೋದರು. ಅನೇಕ ಹುಡುಗಿಯರನ್ನು ಅವರ ಮನೆಯವರು ಕರಕೊಂಡು ಹೋದರು. ರಮಾಬಾಯಿಯವರು ಯಾರನ್ನೂ ಎಳೆದು ಕೂರಿಸಲಿಲ್ಲ. ಬಾಗಿಲನ್ನು ಮುಚ್ಚಲೂ ಒಪ್ಪಲಿಲ್ಲ. ಎರಡು ಕಡೆಯ ನಿಂದೆಯೂ ಆಕೆಗೆ ಬಂದಿತು. ಹಿಂದೂಗಳಲ್ಲಿ ಕೆಲವರು ಆಕೆಯನ್ನು ಮೋಸಗಾರಳೆಂದರು. ಕ್ರೈಸ್ತರಲ್ಲಿ ಕೆಲವರು ಹುಡುಗಿಯರಿಗೆ ಬಹಿರಂಗವಾಗಿ ಬೋಧಿಸುವದಿಲ್ಲವೆಂದು ಆಕ್ಷೇಪಿಸಿದರು.

ಮುಕ್ತಿ ಸದನ

೧೮೯೬ರಲ್ಲಿಯೂ ೧೮೯೭ರಲ್ಲಿಯೂ ಮಧ್ಯಪ್ರಾಂತ್ಯಗಳಲ್ಲಿ ಬರಗಾಲ ಬಿದ್ದ ವರ್ತಮಾನವು ಬಂದಾಗ ರಮಾಬಾಯಿಯವರಿಗೆ ರಾಯಚೂರಿನ ದಿನಗಳು ನೆನಪಿಗೆ ಬಂದವು. ಕೈಯಲ್ಲಿ ಹಣವಿರಲಿಲ್ಲ. ಆದರೂ ಹೊರಟುಹೋಗಿ ಬರಗಾಲದ ಗಂಜಿಮನೆಗಳನ್ನು ಕಂಡರು. ಎಲುಬುಗೂಡಾದ ಮಕ್ಕಳನ್ನೂ, ಅನ್ನದ ಆಶೆಯಿಂದ ದುಷ್ಟರ ಕೈಗೆ ಬೀಳುತ್ತಿದ್ದ ಎಳೆಯ ಹೆಣ್ಣುಗಳನ್ನೂ ಕಂಡು, ಸುಮಾರು ಮುನ್ನೂರು ಮಂದಿಯನ್ನು ಕರಕೊಂಡು ಬಂದರು. ಪುಣೆಯಲ್ಲಿ ಆಗ ಪ್ಲೇಗು ಇದ್ದುದರಿಂದ ಅಷ್ಟು ಜನರನ್ನು ಊರಲ್ಲಿ ಇಡುವ ಹಾಗಿರಲಿಲ್ಲ. ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಕೇಡಗಾಂವ್ ಎಂಬ ಹಳ್ಳಿಯ ಬಳಿ ಹಣ್ಣಿನ ತೋಟಕ್ಕಾಗಿ ಕೊಂಡಿದ್ದ ಸುಮಾರು ನೂರು ಎಕರೆ ಭೂಮಿಯಿತ್ತು. ಅಲ್ಲಿಗೆ ಅವರನ್ನು ಸಾಗಿಸಿದರು. ೧೮೯೮ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಕಟ್ಟಡಕ್ಕೆ ಮುಕ್ತಿ ಎಂದು ಹೆಸರಿಟ್ಟರು. ಗುಜರಾತಿನ ಬರಗಾಲವಾದ ತರುವಾಯ, ೧೯೦೦ರಲ್ಲಿ ಸುಮಾರು ೧,೯೦೦ ಮಂದಿ ಅಲ್ಲಿ ಆಶ್ರಯ ಪಡೆದಿದ್ದರು.

ಇಷ್ಟು ಜನರನ್ನು ಸಾಕಿದ ಕ್ರಮವನ್ನು ವಾಚಕರು ತಿಳಿಯಬೇಕು. ಮೊದಲು ಬಂದವರು ಆಮೇಲೆ ಬಂದವರಿಗೆ ತಾಯಂದಿರೂ ದಾದಿಯರೂ ಉಪಾಧ್ಯಾಯರೂ ಆದರು. ನೆನ್ನೆ ಗಂಜಿ ಕುಡಿಸಲ್ಪಟ್ಟವಳು ಇಂದು ಇನ್ನೊಬ್ಬಳಿಗೆ ಗಂಜಿ ಕುಡಿಸಿದಳು. ಗುಜರಾತಿನ ಬರಗಾಲದಲ್ಲಿ ದಿಕ್ಕಿಲ್ಲದವರನ್ನು ಹುಡುಕಿ ತರಲು ಹೋದವರಲ್ಲಿ ಹಿಂದಿನ ಬರಗಾಲದಿಂದ ಬಿಡಿಸಲ್ಪಟ್ಟವರೇ ಇದ್ದರು. ಎಲ್ಲರಿಗೂ ಕೈಕೆಲಸವನ್ನು ಕಲಿಸಲಾಯಿತು: ನೇಯ್ಗೆ, ಹೊಲಿಗೆ, ಹೈನು, ತೋಟಗಾರಿಕೆ, ಎಣ್ಣೆ ಗಾಣ, ಬಟ್ಟೆ ಒಗೆಯುವದು, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವದು. ಕೈಕೆಲಸವನ್ನು ಕಲಿಯದೆ, ದುಡಿಮೆಯನ್ನು ಹೀನವೆಂದೆಣಿಸಿ ತನ್ನ ತಂದೆತಾಯಿಗಳು ಹಸಿವಿಗೆ ಬಲಿಯಾದದ್ದನ್ನು ಆಕೆಯು ಮರೆತಿರಲಿಲ್ಲ.

ದಾರಿತಪ್ಪಿಸಲ್ಪಟ್ಟ ಹೆಂಗಸರಿಗಾಗಿ ಕೃಪಾ ಸದನ, ವೃದ್ಧರೂ ದುರ್ಬಲರೂ ಆದವರಿಗಾಗಿ ಪ್ರೀತಿ ಸದನ, ಕುರುಡರಿಗಾಗಿ ಬಾರ್ತಿಮಾಯನ ಹೆಸರಿನ ಒಂದು ಸದನ, ಹೀಗೆ ಒಂದೊಂದು ಕಷ್ಟಕ್ಕೆ ಒಂದೊಂದು ಮನೆಯು ಎದ್ದಿತು. ಮಗಳಾದ ಮನೋರಮಾಬಾಯಿಯವರು ತಾಯಿಗೆ ಬಲಗೈಯಾಗಿ, ಕುರುಡರಿಗೆ ಬೆರಳಿನಿಂದ ಓದುವ ವಿದ್ಯೆಯನ್ನು ತಂದುಕೊಟ್ಟರು. ೧೯೧೨ರಲ್ಲಿ ತಾಯಿಮಕ್ಕಳು, ಆಗ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಕಲಬುರ್ಗಿಯಲ್ಲಿಯೂ ಕ್ರೈಸ್ತ ಶಾಲೆಯೊಂದನ್ನು ತೆರೆದರು.

ಅಮೇರಿಕದವರು ಮಾತುಕೊಟ್ಟ ಹತ್ತು ವರುಷಗಳು ೧೮೯೮ರಲ್ಲಿ ತುಂಬಿದವು. ಜಾರ್ಜ್ ಮುಲ್ಲರರ ಚರಿತ್ರೆಯನ್ನು ಓದಿದ್ದ ರಮಾಬಾಯಿಯವರು ದೇವರ ಮೇಲೆ ಭಾರವನ್ನು ಹಾಕಿ ಕೆಲಸವನ್ನು ನಡಿಸಿದರು. ೧೯೦೫ರಲ್ಲಿ ಮುಕ್ತಿಯಲ್ಲಿ ದೊಡ್ಡ ಉಜ್ಜೀವನವುಂಟಾಗಿ, ಅಲ್ಲಿಯ ಹುಡುಗಿಯರು ಗುಂಪುಗುಂಪಾಗಿ ಸುತ್ತಣ ಹಳ್ಳಿಗಳಿಗೆ ಸುವಾರ್ತೆಯನ್ನು ಸಾರುತ್ತಾ ಹೋದರು.

ಕಡೇ ದಿನಗಳು

ಹಳ್ಳಿಯ ಹೆಂಗಸರು ದೇವರ ವಾಕ್ಯವನ್ನು ಸುಲಭವಾಗಿ ತಿಳಿಯಬೇಕೆಂದು ರಮಾಬಾಯಿಯವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಸತ್ಯವೇದವನ್ನು ತಿಳಿಯಾದ ಮರಾಠಿಗೆ ಪರಿವರ್ತಿಸುವ ಕೆಲಸದಲ್ಲಿ ಅನೇಕ ವರುಷಗಳನ್ನು ಕಳೆದರು. ಮುಕ್ತಿಯ ಹೆಂಗಸರೇ ಅದಕ್ಕೆ ಮೊಳೆಗಳನ್ನು ಜೋಡಿಸಿದರು. ೧೯೧೯ರಲ್ಲಿ ಸರಕಾರದವರು ಕೈಸರೆ ಹಿಂದ್ ಪದಕವನ್ನು ಕೊಟ್ಟರು. ೧೯೨೧ರ ಜುಲೈ ತಿಂಗಳಲ್ಲಿ ಮನೋರಮಾಬಾಯಿಯವರು ತೀರಿಹೋದರು. ತನ್ನ ತರುವಾಯ ಕೆಲಸವನ್ನು ವಹಿಸುವಳೆಂದು ನಂಬಿದ್ದ ಒಬ್ಬಳೇ ಮಗಳನ್ನು ಮಣ್ಣಿಗೆ ಕೊಟ್ಟ ಮೇಲೂ ತಾಯಿಯು ಪರಿವರ್ತನದ ಕೆಲಸವನ್ನು ಬಿಡಲಿಲ್ಲ. ಅದನ್ನು ಮುಗಿಸಿ, ೧೯೨೨ನೆಯ ಇಸವಿ ಏಪ್ರಿಲ್ ೫ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಮುಕ್ತಿಯ ಕೆಲಸವು ಆಕೆಯೊಡನೆ ಸಾಯಲಿಲ್ಲ. ಕೇಡಗಾಂವಿನಲ್ಲಿ ಅದು ಈಗಲೂ ನಡೆಯುತ್ತಲಿದೆ.

ನಮಗೆ ಬುದ್ಧಿ

ಪ್ರಿಯ ವಾಚಕರೇ, ಈಗ ನಮ್ಮ ಸೀಮೆಯನ್ನು ನೋಡೋಣ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಕೋಲಾರದ ಚಿನ್ನದ ಗಣಿಗಳು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಮುಚ್ಚಲ್ಪಟ್ಟವು. ಬರಗಾಲವು ಒಮ್ಮೆ ಬಂದು ಹೋಗುತ್ತದೆ. ಕೆಲಸವು ಹೋದ ಊರಿನ ಬರವು ಮೆಲ್ಲಮೆಲ್ಲನೆ ಮನೆಯೊಳಗೆ ಸೇರುತ್ತದೆ. ಗಣಿಯ ದೂಳಿನಿಂದ ಎದೆ ಕೆಟ್ಟು ಮಲಗಿದ ಗಂಡನನ್ನು ನೋಡಿಕೊಂಡ ಹೆಂಗಸರು ಲೈನುಮನೆಗಳಲ್ಲಿ ಎಷ್ಟೋ ಮಂದಿ. ಸಾವಿರಾರು ಜನರು ಬೆಳಗಿನ ಜಾವದ ರೈಲಿನಲ್ಲಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ತಿರುಗಿ ಬರುತ್ತಾರೆ. ಆ ಹಗಲೆಲ್ಲಾ ಮಕ್ಕಳೂ ರೋಗಿಗಳೂ ಒಬ್ಬ ಅಜ್ಜಿಯ ಅಥವಾ ನೆರೆಯವಳ ಕೈಯಲ್ಲಿರುತ್ತಾರೆ. ಎಲ್ಲರನ್ನೂ ನೋಡಿಕೊಳ್ಳುವ ಆ ಅಜ್ಜಿಯನ್ನು ನೋಡಿಕೊಳ್ಳುವವರು ಯಾರು? ರೈಲು ನಿಲ್ದಾಣದ ಮೂಲೆಯಲ್ಲಿ ಗೋಣಿತಟ್ಟನ್ನು ಹೊದ್ದು ಮಲಗುವವನ ಹೆಸರನ್ನು ನಮ್ಮಲ್ಲಿ ಯಾರಾದರೂ ಕೇಳಿದ್ದಾರೋ?

ಹಳ್ಳಿಯ ಸಭೆಯವರು ಬಡವರು. ಮುಕ್ತಿ ಸದನದಂಥದ್ದನ್ನು ಕಟ್ಟಲಾರರು. ಆದರೆ ಈ ಚರಿತ್ರೆಯಿಂದ ಬಡವರೂ ಮಾಡಬಹುದಾದ ಮೂರು ಸಂಗತಿಗಳನ್ನು ನಾವು ಕಲಿಯಬಹುದು.

ಮೊದಲನೆಯದು, ಸಹಾಯ ಹೊಂದಿದವರು ಸಹಾಯಮಾಡುವವರಾಗಬೇಕೆಂಬುದು. ನಮ್ಮ ಸಭೆಗಳೇ ಒಂದು ಕಾಲದಲ್ಲಿ ಅನಾಥರ ಸಭೆಗಳಾಗಿದ್ದವು; ಪರರ ಕೈಯಿಂದ ಅನ್ನವನ್ನುಂಡೆವು. ಮಿಷನಿನವರು ಬಂದು ಕೊಡಲೆಂದು ಕೈಯೊಡ್ಡಿ ಕೂರುವದು ಇನ್ನು ತಕ್ಕದ್ದಲ್ಲ. ದಿನವೂ ಅಡಿಗೆಗೆ ಮುಂಚೆ ಒಂದು ಹಿಡಿ ರಾಗಿಯನ್ನೋ ಅಕ್ಕಿಯನ್ನೋ ತೆಗೆದಿಟ್ಟರೆ, ವಾರದ ಕೊನೆಗೆ ಒಂದು ಮನೆಯ ಮಡಿಕೆ ತುಂಬುತ್ತದೆ.

ಎರಡನೆಯದು, ಹೊರೆ ಹೊರುವವರ ಹೊರೆಗೆ ಹೆಗಲು ಕೊಡುವದು. ರಾಯಚೂರಿನಲ್ಲಿ ಆ ಹುಡುಗಿಗೆ ಬೇಕಾಗಿದ್ದದ್ದು ಹಣವಲ್ಲ, ಚಟ್ಟದ ನಾಲ್ಕನೆಯ ಕೊನೆಗೆ ಒಬ್ಬ ಮನುಷ್ಯನು. ವಾರಕ್ಕೊಂದು ದಿನ ರೋಗಿಯ ಹತ್ತಿರ ಕೂತು, ಅವನ ಹೆಂಡತಿಯನ್ನು ನಿದ್ರೆಮಾಡಲಿಕ್ಕೋ ಸಂತೆಗೋ ಗುಡಿಯ ಆರಾಧನೆಗೋ ಕಳುಹಿಸಿಕೊಡುವದು ಕಾಸಿಲ್ಲದವರಿಂದಲೂ ಆಗುವ ಕೆಲಸ. ಸಭೆಯ ಹಿರಿಯರು ಇಂಥ ಮನೆಗಳ ಪಟ್ಟಿಯನ್ನು ಬರೆದು, ಯಾವ ದಿನ ಯಾರು ಹೋಗತಕ್ಕದ್ದೆಂದು ಗೊತ್ತುಮಾಡಲಿ.

ಮೂರನೆಯದು, ಅನ್ನವನ್ನು ಗಾಳವಾಗಿ ಮಾಡದಿರುವದು. ಹಸಿದವನ ಜಾತಿಯನ್ನಾಗಲಿ ಮತವನ್ನಾಗಲಿ ಕೇಳಿ ಅಳೆದು ಕೊಟ್ಟ ಅನ್ನವು ಕರ್ತನ ಹೆಸರಿಗೆ ಅವಮಾನವೇ. ಹಾಗೆಂದು ನಾವು ಯಾರ ಪ್ರೀತಿಯಿಂದ ಕೊಡುತ್ತೇವೆಂಬುದನ್ನು ಮರೆಮಾಡುವದೂ ಸರಿಯಲ್ಲ. ರಮಾಬಾಯಿಯವರು ಯಾರನ್ನೂ ಎಳೆಯಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ನಮ್ಮ ಮನೆಗಳೂ ಹಾಗೆಯೇ ಇರಲಿ.

ಮುಂದಿನ ಸಭಾಕೂಟದಲ್ಲಿ ಪ್ರತಿಯೊಂದು ಹಳ್ಳಿಯವರೂ ಈ ವಿಷಯವನ್ನು ಆಲೋಚಿಸಿ, ಒಂದು ಮನೆಯಿಂದಾದರೂ ಆರಂಭಿಸಬೇಕೆಂದು ನಾವು ಬೇಡಿಕೊಳ್ಳುತ್ತೇವೆ. ಅನಾಥರಿಗೆ ತಂದೆಯೂ ವಿಧವೆಯರಿಗೆ ಆಧಾರವೂ ಆಗಿರುವ ದೇವರು ನಮ್ಮ ಕೈಗಳನ್ನು ಬಲಪಡಿಸಲಿ.